ಕಲ್ಲಿಂದ ಬಂದ ಮೊದಲ ಊಟ

ಭೂಮಿ ಮೇಲಿನ ಮೊದಮೊದಲ ಜೀವಿಗಳು ಏನ್ ತಿಂತಿದ್ವು? ಸೊಪ್ಪು ಅನ್ನೋಕೆ ಗಿಡವೇ ಇರ್ಲಿಲ್ಲ, ಇನ್ನೊಂದು ಜೀವೀನ ಹಿಡಿದು ತಿನ್ನೋಣ ಅಂದ್ರೆ ಅದೂ ಇಲ್ಲ. 1924ರಲ್ಲಿ ರಷ್ಯಾದ ವಿಜ್ಞಾನಿ ಒಪಾರಿನ್, 1929ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಾಲ್ಡೇನ್ (ಕೊನೆಗಾಲಕ್ಕೆ ನಮ್ಮ ದೇಶಕ್ಕೇ ಬಂದು ಭುವನೇಶ್ವರದಲ್ಲಿ ತೀರ್ಕೊಂಡ್ರಲ್ಲ, ಅವ್ರೇ) ಹೇಳಿದ್ದು ಏನಂದ್ರೆ ಸಮುದ್ರ ಆಗ ಒಂಥರಾ ಬಸ್ಸಾರು, ಸಾವಯವ ಪದಾರ್ಥ ಎಲ್ಲ ಕರಗ್ಕೊಂಡು ರೆಡಿ ಇತ್ತು, ಅದನ್ನೇ ಹೀರ್ಕೊಂಡು ಬದುಕಿದ್ವು ಅಂತ.

ಕೇಳೋಕೆ ಚೆನ್ನಾಗಿದೆ, ಆದ್ರೆ ಅಷ್ಟು ದೊಡ್ಡ ಸಮುದ್ರದಲ್ಲಿ ಆ ಸಾರು ತೀರಾ ನೀರಾಗಿರುತ್ತೆ. ಅದಕ್ಕೇ ಈಗ ಬಹಳ ವಿಜ್ಞಾನಿಗಳು ಬೇರೆ ಲೆಕ್ಕ ಹಾಕ್ತಾರೆ, ನಂಗೂ ಅದೇ ಸರಿ ಅನ್ಸುತ್ತೆ: ಊಟ ಬಂದಿದ್ದು ಕಲ್ಲಿಂದ. ಆಲಿವೀನ್ ಅನ್ನೋ ಹಸಿರು ಖನಿಜಕ್ಕೆ ಬಿಸಿನೀರು ತಾಗಿದ್ರೆ ಅದರೊಳಗಿನ ಕಬ್ಬಿಣ ನೀರಿನ ಆಕ್ಸಿಜನ್ ಕಿತ್ಕೊಂಡು ಹೈಡ್ರೋಜನ್ ಬಿಡುತ್ತೆ, ಕಲ್ಲು ಸರ್ಪೆಂಟೈನ್ ಅನ್ನೋ ಬೇರೆ ಖನಿಜ ಆಗುತ್ತೆ. ಮೈಸೂರು ಹತ್ರ ಸಿಂಧುವಳ್ಳಿ ಕಡೆ ಕ್ರೋಮೈಟ್ ಅದಿರು ಸಿಗೋ ಬಂಡೆಗಳೂ ಇದೇ ಜಾತಿವು. ಅಟ್ಲಾಂಟಿಕ್ ತಳದಲ್ಲಿ 2000ದಲ್ಲಿ ಸಿಕ್ಕ ಲಾಸ್ಟ್ ಸಿಟಿ ಬಿಸಿನೀರಿನ ಬುಗ್ಗೆಗಳಲ್ಲಿ ಈ ಕೆಲಸ ಈಗ್ಲೂ ನಡೀತಾನೇ ಇದೆ, ಬಿಸಿಲು ಅನ್ನೋದೇ ಇಲ್ಲದ ಕತ್ತಲಲ್ಲಿ.

ಆ ಹೈಡ್ರೋಜನ್ನು, ನೀರಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡು, ಎರಡೂ ಸೇರಿದ್ರೆ ಶಕ್ತಿನೂ ಬರುತ್ತೆ, ಮೈ ಕಟ್ಕೊಳ್ಳೋಕೆ ಕಾರ್ಬನ್ನೂ ಸಿಗುತ್ತೆ. 2016ರಲ್ಲಿ ಜರ್ಮನಿಯ ಬಿಲ್ ಮಾರ್ಟಿನ್ ತಂಡ ಬ್ಯಾಕ್ಟೀರಿಯಾ, ಆರ್ಕಿಯಾಗಳ (ಬ್ಯಾಕ್ಟೀರಿಯಾ ಥರಾನೇ ಕಾಣೋ, ಆದ್ರೆ ಬೇರೇನೇ ಗುಂಪಿನ ಒಂಟಿಕೋಶದ ಸೂಕ್ಷ್ಮಜೀವಿಗಳು) ಜೀನ್‌ಗಳನ್ನೆಲ್ಲ ಜಾಲಾಡಿ, ನಮ್ಮೆಲ್ಲರ ಮೂಲ ಜೀವೀಲಿ ಇದ್ದಿರ್ಬೇಕು ಅಂತ 355 ಜೀನ್ ಕುಟುಂಬ (ಒಂದೇ ಮೂಲದ ಜೀನ್‌ಗಳ ಗುಂಪು) ಆರಿಸ್ತು, ಅದ್ರಲ್ಲೂ ಕಂಡಿದ್ದು ಈ ಹೈಡ್ರೋಜನ್ ದಾರೀನೇ. ಪಟ್ಟಿ ಬಗ್ಗೆ ತಕರಾರು ತೆಗೆಯೋರು ಇದಾರೆ ಬಿಡಿ.

ಬಿಸಿಲು ಬಳಸೋದು ಆಮೇಲಿನ ಮಾತು. ಅದ್ರಲ್ಲೂ ಬಿಸಿಲಿನ ಶಕ್ತಿಯಿಂದ ಮೊದ್ಲು ಒಡೆದಿದ್ದು ನೀರಲ್ಲ, ಹೈಡ್ರೋಜನ್ ಸಲ್ಫೈಡ್ ಥರದ್ದು. ನೀರನ್ನೇ ಒಡೆದು ಆಕ್ಸಿಜನ್ ಬಿಡೋದು ಕಲ್ತಿದ್ದು ಸಯನೋಬ್ಯಾಕ್ಟೀರಿಯಾ ಅನ್ನೋ ನೀಲಿ-ಹಸಿರು ಬ್ಯಾಕ್ಟೀರಿಯಾಗಳು, ಸುಮಾರು 240 ಕೋಟಿ ವರ್ಷದ ಹಿಂದೆ ಗಾಳೀಲಿ ಆಕ್ಸಿಜನ್ ಏರ್ತು, ಹೈಡ್ರೋಜನ್ ತಿನ್ನೋ ಹಳೇ ಕಸುಬಿನ ಜೀವಿಗಳಿಗೆ ಅದು ವಿಷ, ಗಾಳಿ ಆಡದ ಜಾಗ ನೋಡ್ಕೊಂಡು ಉಳ್ಕೊಂಡ್ವು.

ಮಂಡ್ಯದ ಕಡೆ ನಾಲೆ ನೀರು ನಿಂತ ಭತ್ತದ ಗದ್ದೆ ಕೆಸರು ಅಂಥದ್ದೇ ಜಾಗ. ಕಾಲಿಟ್ರೆ ಬುಳುಬುಳು ಏಳೋ ಗುಳ್ಳೇಲಿ ಮೀಥೇನ್ ಇರುತ್ತಲ್ಲ, ಅದ್ರಲ್ಲಿ ಒಂದು ಪಾಲು ಹೈಡ್ರೋಜನ್ನು ಕಾರ್ಬನ್ ಡೈಆಕ್ಸೈಡು ತಿನ್ನೋ ಆರ್ಕಿಯಾಗಳದ್ದು, ಆದ್ರೆ ಇಲ್ಲಿ ಹೈಡ್ರೋಜನ್ ಕೊಡೋದು ಕಲ್ಲಲ್ಲ, ಹುಲ್ಲು ಕೂಳೆ ಕೊಳೆಸೋ ಬೇರೆ ಬ್ಯಾಕ್ಟೀರಿಯಾಗಳು. ನಡುನಡುವೆ ನೀರು ಬಸಿದು ಗದ್ದೆ ಆರೋಕೆ ಬಿಟ್ರೆ ಕೆಸರಿಗೆ ಆಕ್ಸಿಜನ್ ಇಳಿಯುತ್ತೆ, ಮೀಥೇನ್ ಕಮ್ಮಿ ಆಗುತ್ತೆ.