ಊರಿಂದ ತೊಗಲಿಗೆ, ತೊಗಲಿಂದ ಕಸುಬಿಗೆ: ‘ಕಾರ್ಡ್‌ವೈನರ್’ ಪದದ ಹಿನ್ನೆಲೆ

ಇಳಕಲ್ ಎಂದರೆ ನಮಗೆ ಊರೂ ಹೌದು, ಸೀರೆಯೂ ಹೌದು. ಸ್ಪೇನಿನ ಕೊರ್ಡೊಬಾ ನಗರದ ಹೆಸರು ಇದೇ ಹಾದಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲು ಅಲ್ಲಿನ ತೊಗಲಿಗೂ ಆಮೇಲೆ ಆ ತೊಗಲಿನಲ್ಲಿ ಪಾದರಕ್ಷೆ ಹೊಲಿಯುವವನಿಗೂ ಅಂಟಿಕೊಂಡಿತು. ಇಂಗ್ಲಿಷಿನ ‘ಕಾರ್ಡ್‌ವೈನರ್’ ಹುಟ್ಟಿದ್ದು ಹೀಗೆ.

8ನೇ ಶತಮಾನದ ಆರಂಭದಿಂದ 1236ರವರೆಗೆ ಮುಸ್ಲಿಂ ಅರಸರ ಆಳ್ವಿಕೆಯಲ್ಲಿದ್ದ ಕೊರ್ಡೊಬಾದ ಕಸುಬುದಾರರು ಮೇಕೆಯ ತೊಗಲನ್ನು ಹದ ಮಾಡಿ, ಬಣ್ಣ ಕಟ್ಟಿ, ಮೃದುವಾಗಿಯೂ ಗಟ್ಟಿಯಾಗಿಯೂ ಇರುವ ಚರ್ಮವನ್ನು ತಯಾರಿಸುತ್ತಿದ್ದರು. ಯುರೋಪಿನ ಸಿರಿವಂತರು ಅದಕ್ಕೆ ಮನಸೋತರು. ಹಳೆಯ ಫ್ರೆಂಚಿನಲ್ಲಿ ಈ ಚರ್ಮ ‘ಕೊರ್ದುವಾನ್’ ಎನಿಸಿಕೊಂಡಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಅವರ ಫ್ರೆಂಚ್ ಮಾತಿನ ಮೂಲಕ ಕಸುಬಿನ ಹೆಸರು ಇಂಗ್ಲಿಷಿಗೆ ದಾಟಿತು.

ಲಂಡನ್ನಿನಲ್ಲಿ ಈ ಹೆಸರಿಗೆ ಕಟ್ಟುನಿಟ್ಟಾದ ಅರ್ಥವಿತ್ತು. ಹೊಸ ಚರ್ಮದಲ್ಲಿ ಹೊಸ ಜೋಡು ಹೊಲಿಯುವವನು ಕಾರ್ಡ್‌ವೈನರ್. ಹಳೆಯದನ್ನು ರಿಪೇರಿ ಮಾಡುವವನು ಕಾಬ್ಲರ್. ಇಂದು ಎರಡನ್ನೂ ಒಂದೇ ಎಂದುಕೊಳ್ಳುವುದು ಸಾಮಾನ್ಯವಾದರೂ, ಅನ್ನದ ಪಾಲು ಈ ಗೆರೆಯ ಮೇಲೆಯೇ ನಿಂತಿದ್ದರಿಂದ ಅಂದಿನವರಿಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಕಾರ್ಡ್‌ವೈನರ್‌ಗಳ ವೃತ್ತಿಸಂಘಕ್ಕೆ 1272ರಲ್ಲಿ ಕಟ್ಟಳೆಗಳು ದೊರೆತವು. 1439ರಲ್ಲಿ ರಾಜಶಾಸನವೂ ಸಿಕ್ಕಿತು.

ಕೆಲಸವೂ ಆ ಗೌರವಕ್ಕೆ ತಕ್ಕಂತಿತ್ತು. ದಾರಕ್ಕೆ ಮೇಣ ಹಚ್ಚಿ, ಎರಡೂ ತುದಿಗೆ ಸೂಜಿಯ ಬದಲು ಹಂದಿಯ ಬಿರುಗೂದಲನ್ನು ಹೊಸೆದು, ಉಳಿಯಿಂದ ಕೊರೆದ ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ತೂರಿಸಿ ಬಿಗಿಯಾಗಿ ಎಳೆಯಬೇಕಿತ್ತು. ಮಧ್ಯಯುಗದ ಜೋಡನ್ನು ಒಳಮೈ ಹೊರಗಿಟ್ಟು ಹೊಲಿದು, ಕೊನೆಗೆ ಇಡೀ ಜೋಡನ್ನೇ ಮಗುಚುತ್ತಿದ್ದರು. ಹೊಲಿಗೆ ಒಳಗೆ ಉಳಿಯುತ್ತಿದ್ದುದರಿಂದ ಅದು ನೆಲಕ್ಕೆ ತಿಕ್ಕಿ ಸವೆಯುತ್ತಿರಲಿಲ್ಲ.

ಅಮೆರಿಕಕ್ಕೆ ಹೋದ ಪದ ಅಲ್ಲಿ ಕಾರ್ಮಿಕ ಚಳವಳಿಯ ಚರಿತ್ರೆಯನ್ನೇ ಸೇರಿತು. ಕೂಲಿ ಹೆಚ್ಚಿಸಬೇಕೆಂದು ಮುಷ್ಕರ ಹೂಡಿದ ಫಿಲಡೆಲ್ಫಿಯಾದ ಕಾರ್ಡ್‌ವೈನರ್‌ಗಳನ್ನು 1806ರಲ್ಲಿ ನ್ಯಾಯಾಲಯವು ಒಳಸಂಚಿನ ಅಪರಾಧಿಗಳೆಂದು ತೀರ್ಮಾನಿಸಿ, ತಲಾ 8 ಡಾಲರ್ ದಂಡ ವಿಧಿಸಿತು. ಒಗ್ಗಟ್ಟಾಗಿ ಕೂಲಿ ಕೇಳುವುದನ್ನೇ ಅಪರಾಧವೆಂದ ಈ ತೀರ್ಪು ಅನ್ಯಾಯದ್ದೆಂದೇ ನನ್ನ ಭಾವನೆ. 1858ರಲ್ಲಿ ಲೈಮನ್ ಬ್ಲೇಕ್ ಅಟ್ಟೆ ಹೊಲಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಕೆಲಸ ಕಾರ್ಖಾನೆ ಸೇರತೊಡಗಿತು.

ಲಂಡನ್ನಿನ ಸಂಘ ಇಂದಿಗೂ ಇದೆ, ನಗರದ ಒಂದು ವಾರ್ಡಿಗೂ ಕಾರ್ಡ್‌ವೈನರ್ ಎಂದೇ ಹೆಸರು. ಫ್ರೆಂಚಿನಲ್ಲಿ ಮಾತ್ರ ಅದೇ ಮೂಲದ ‘ಕೊರ್ದೊನಿಯೆ’ ದಿನಬಳಕೆಯಲ್ಲಿ ಉಳಿದಿದೆ. ಆದರೆ ಇಂದು ಆ ಹೆಸರಿನ ಅಂಗಡಿಗೆ ಜನ ಹೋಗುವುದು ಸವೆದ ಹಿಮ್ಮಡಿ ಹಾಕಿಸಲು, ಕಿತ್ತ ಹೊಲಿಗೆ ಹಾಕಿಸಲು.