ಫೋಟೋಗೆ ಹಾಕಿದ ಟ್ಯಾಗ್ ಎಲ್ಲಿ ಉಳಿಯುತ್ತದೆ?

1914ರಲ್ಲಿ ಕೊಡಾಕ್ ಕಂಪನಿ ಆಟೋಗ್ರಾಫಿಕ್ ಅನ್ನುವ ಕ್ಯಾಮೆರಾ ತಂದಿತು. ಅದರ ಹಿಂಬದಿಯಲ್ಲಿ ಒಂದು ಪುಟ್ಟ ಮುಚ್ಚಳ. ಫೋಟೋ ತೆಗೆದ ಮೇಲೆ ಮುಚ್ಚಳ ತೆರೆದು, ಲೋಹದ ಕಡ್ಡಿಯಿಂದ ಯಾರು, ಎಲ್ಲಿ, ಯಾವಾಗ ಅಂತ ಗೀಚಬಹುದಿತ್ತು. ಫಿಲ್ಮ್ ತೊಳೆದಾಗ ಚಿತ್ರದ ಅಂಚಿನಲ್ಲಿ ಆ ಬರಹವೂ ಮೂಡುತ್ತಿತ್ತು. ಈ ಉಪಾಯ ಕಂಡುಹಿಡಿದ ಹೆನ್ರಿ ಗೇಸ್‌ಮನ್‌ಗೆ ಕೊಡಾಕ್ 3 ಲಕ್ಷ ಡಾಲರ್ ಕೊಟ್ಟು ಪೇಟೆಂಟ್ ಕೊಂಡಿತ್ತು. ಆದರೆ ಬಳಸಿದವರು ಕಡಿಮೆ. 1932ಕ್ಕೆ ಅದು ನಿಂತೇ ಹೋಯಿತು.

ಕ್ಯಾಮೆರಾ ಹೋದರೂ ಅದರ ಹಿಂದಿನ ಯೋಚನೆ ಸರಿಯಾಗಿತ್ತು. ಚಿತ್ರ ಇರುವ ಫಿಲ್ಮ್ ಮೇಲೆಯೇ ಚಿತ್ರದ ವಿವರ. ಚಿತ್ರ ಹೋದ ಕಡೆ ವಿವರವೂ ಹೋಗುತ್ತದೆ. ಡಿಜಿಟಲ್ ಫೋಟೋಗಳಲ್ಲೂ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ನಾನು ಕೂತು ಹಾಕುವ ಹೆಸರು, ಟ್ಯಾಗ್, ವಿವರಣೆ ಫೋಟೋ ಫೈಲಿನ ಒಳಗೆ ಸೇರುತ್ತಾ, ಇಲ್ಲ ಈ ಆ್ಯಪ್‌ನಲ್ಲೇ ಉಳಿಯುತ್ತಾ? ಇದನ್ನು ಕೇಳದೆ ವರ್ಷಗಟ್ಟಲೆ ಟ್ಯಾಗ್ ಹಾಕಿದ ಎಷ್ಟೋ ಜನರ ಕೆಲಸ ನೀರಲ್ಲಿ ಹೋಮ ಮಾಡಿದಂತಾಗಿದೆ.

ಅದಕ್ಕೂ ಮೊದಲು, ಟ್ಯಾಗ್ ಯಾಕೆ ಬೇಕು, ಫೋಲ್ಡರ್ ಸಾಲದಾ ಅನ್ನುವವರಿದ್ದಾರೆ. ಉತ್ತರ ಕಾಗದದ ಕಾಲದಲ್ಲೇ ಸಿಕ್ಕಿತ್ತು. 1930ರ ದಶಕದಲ್ಲಿ ಅಮೆರಿಕದ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಹಳ್ಳಿಗರ ಕಷ್ಟದ ಬದುಕನ್ನು ದಾಖಲಿಸಲು ಫೋಟೋಗ್ರಾಫರ್‌ಗಳನ್ನು ದೇಶದ ಉದ್ದಗಲಕ್ಕೂ ಕಳಿಸಿತು. ಆ ಕೆಲಸ ಯುದ್ಧದ ಕಾಲದಲ್ಲೂ ಮುಂದುವರಿದು, ಕೊನೆಗೆ ಸುಮಾರು 1.75 ಲಕ್ಷ ಕಪ್ಪು ಬಿಳುಪು ನೆಗೆಟಿವ್‌ಗಳು ಸೇರಿದವು. ಅವನ್ನು ಜೋಡಿಸುವ ಕೆಲಸಕ್ಕೆ 1942ರಲ್ಲಿ ಪಾಲ್ ವಾಂಡರ್‌ಬಿಲ್ಟ್ ಬಂದರು. ಪ್ರಿಂಟ್‌ಗಳನ್ನು ಮೊದಲು ಪ್ರದೇಶದ ಪ್ರಕಾರ, ಅದರೊಳಗೆ ವಿಷಯದ ಪ್ರಕಾರ ಇಡುವ ಕ್ರಮ ಅವರದು. ಹಾಗೆ ಮಾಡಿದರೆ ಒಬ್ಬರೇ ಒಂದು ಊರಲ್ಲಿ ಸಾಲಾಗಿ ತೆಗೆದ ಚಿತ್ರಗಳು ಚದುರಿ ಹೋಗುತ್ತವೆ, ಅಲ್ವಾ? ಅದಕ್ಕೆ ಆ ಮೂಲ ಸಾಲನ್ನು ಮೈಕ್ರೋಫಿಲ್ಮ್‌ನಲ್ಲಿ ಬೇರೆಯಾಗಿ ಉಳಿಸಿದರು.

ಇಷ್ಟೆಲ್ಲ ಒದ್ದಾಟಕ್ಕೆ ಕಾರಣ ಒಂದೇ. ಒಂದು ಪ್ರಿಂಟ್ ಒಂದು ಡ್ರಾಯರ್‌ನಲ್ಲಿ ಮಾತ್ರ ಇರಬಲ್ಲದು. ಕಂಪ್ಯೂಟರಿನ ಫೋಲ್ಡರ್ ಕೂಡ ಡ್ರಾಯರೇ. ಮದುವೆಯ ಫೋಟೋದಲ್ಲಿ ತಾತನೂ ಇದ್ದರೆ ಅದು 'ಮದುವೆ' ಫೋಲ್ಡರ್‌ಗೆ ಹೋಗಬೇಕೋ, 'ತಾತ' ಫೋಲ್ಡರ್‌ಗೋ? ಟ್ಯಾಗ್‌ನಲ್ಲಿ ಈ ತಾಪತ್ರಯ ಇಲ್ಲ. ಒಂದು ಫೋಟೋಗೆ ಎಷ್ಟು ಬೇಕಾದರೂ ಹಾಕಬಹುದು. ಹುಡುಕುವಾಗ ಯಾವುದರಿಂದ ಹುಡುಕಿದರೂ ಸಿಗುತ್ತದೆ.

ಡಿಜಿಟಲ್ ಲೋಕದಲ್ಲಿ ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ಪತ್ರಿಕೆಯವರು. ದಿನಕ್ಕೆ ನೂರಾರು ಚಿತ್ರಗಳು ಸುದ್ದಿಸಂಸ್ಥೆಗಳಿಂದ ಬರುತ್ತವೆ. ಶೀರ್ಷಿಕೆ, ತೆಗೆದವರ ಹೆಸರು, ತಾರೀಕು ಜೊತೆಗೆ ಬರದಿದ್ದರೆ ಆ ಚಿತ್ರ ಅಚ್ಚಿಗೆ ಹೋಗುವ ಹಾಗಿಲ್ಲ. 1965ರಲ್ಲಿ ಹುಟ್ಟಿದ ಐಪಿಟಿಸಿ ಎಂಬ ಸುದ್ದಿಸಂಸ್ಥೆಗಳ ಒಕ್ಕೂಟ 1990ರ ದಶಕದ ಶುರುವಿನಲ್ಲಿ ಇದಕ್ಕೊಂದು ಮಾದರಿ ಮಾಡಿತು. ಶೀರ್ಷಿಕೆಗೆ ಒಂದು ಜಾಗ, ಊರಿಗೆ ಒಂದು, ಕೀವರ್ಡ್‌ಗಳಿಗೆ ಒಂದು. ಅದೇ ದಶಕದ ನಡುವಿನಲ್ಲಿ ಅಡೋಬ್‌ನ ಫೋಟೋಶಾಪ್ ಈ ಮಾಹಿತಿಯನ್ನು ಚಿತ್ರದ ಫೈಲಿನ ಒಳಗೇ ಬರೆಯಲು ಅವಕಾಶ ಕೊಟ್ಟಿತು. ಇವತ್ತಿಗೂ ಫೋಟೋ ಪತ್ರಕರ್ತರು 'ಐಪಿಟಿಸಿ ತುಂಬಿಸಿದೆಯಾ' ಅಂತಲೇ ಕೇಳುವುದು.

ಕ್ಯಾಮೆರಾ ಕಂಪನಿಗಳು ಹಿಡಿದ ದಾರಿ ಬೇರೆ. 1995ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘ ಎಕ್ಸಿಫ್ ಎಂಬ ಮಾದರಿ ಪ್ರಕಟಿಸಿತು. ಶಟರ್ ವೇಗ, ಲೆನ್ಸ್ ತೆರೆದ ಅಳತೆ, ಫ್ಲಾಶ್ ಉರಿಯಿತೋ ಇಲ್ಲವೋ, ತಾರೀಕು, ಗಂಟೆ, ಇವನ್ನೆಲ್ಲ ಕ್ಯಾಮೆರಾ ತಾನೇ ಬರೆಯುತ್ತದೆ. ನಾವು ಬೆರಳು ಆಡಿಸಬೇಕಿಲ್ಲ. ಮುಂದೆ ಜಿಪಿಎಸ್ ಕೂಡ ಸೇರಿತು. ದೊಡ್ಡ ಸಂಗ್ರಹವನ್ನು ತಾರೀಕಿನ ಪ್ರಕಾರ ಜೋಡಿಸಲು ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಆದರೂ ಕೊರತೆಗಳಿದ್ದವು. ಗಡಿಯಾರದ ಸಮಯ ಬರೆಯುತ್ತಿತ್ತು, ಅದು ಯಾವ ದೇಶದ ಸಮಯ ಅಂತ ಹೇಳಲು ಜಾಗವೇ ಇರಲಿಲ್ಲ. ಆ ಜಾಗ ಬಂದದ್ದು 2016ರಲ್ಲಿ. ಹಳೆಯ ಪ್ರಿಂಟ್ ಸ್ಕ್ಯಾನ್ ಮಾಡಿದರೆ ಸ್ಕ್ಯಾನ್ ಮಾಡಿದ ದಿನವೇ ಫೋಟೋದ ದಿನವಾಗಿಬಿಡುವ ತೊಂದರೆ ಇನ್ನೂ ಇದೆ. ಅದನ್ನು ಕೈಯಾರೆ ತಿದ್ದಬೇಕು.

ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಎಕ್ಸಿಫ್‌ನ ವಿವರಣೆಯ ಜಾಗ ಮಾಡಿದ್ದು ಬರೀ ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿ. ಎಲ್ಲ ಲಿಪಿಗಳಿಗೂ ಹೊಂದುವ ಯುಟಿಎಫ್-8 ಎಂಬ ಸಂಕೇತ ಪದ್ಧತಿಗೆ ಅಧಿಕೃತ ಒಪ್ಪಿಗೆ ಸಿಕ್ಕಿದ್ದು 2023ರ ಆವೃತ್ತಿಯಲ್ಲಿ. ಐಪಿಟಿಸಿಯ ಹಳೆಯ ಮಾದರಿಯಲ್ಲಿ ಒಂದು ಕೀವರ್ಡ್‌ಗೆ 64 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಕ್ಷಿ' ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಕ, ಅರ್ಧಾಕ್ಷರದ ಗುರುತು, ಷ, ಗುಡಿಸು ಸೇರಿ ನಾಲ್ಕು ಸಂಕೇತ, 12 ಬೈಟ್. ಅಂಥ ಐದು ಅಕ್ಷರ ಬರೆಯುವಷ್ಟರಲ್ಲಿ ಜಾಗ ಮುಗಿಯುತ್ತದೆ. ಕನ್ನಡ ಟ್ಯಾಗ್ ಅರ್ಧಕ್ಕೆ ಕತ್ತರಿಸಿ ಹೋದದ್ದನ್ನೋ, ಪ್ರಶ್ನಾರ್ಥಕ ಚಿಹ್ನೆಗಳ ಸಾಲಾದದ್ದನ್ನೋ ನೀವು ನೋಡಿದ್ದರೆ ಕಾರಣ ಬಹುಮಟ್ಟಿಗೆ ಇಂಥದ್ದೇ.

ಇದಕ್ಕೆ ಪರಿಹಾರ ತಂದದ್ದು ಎಕ್ಸ್‌ಎಂಪಿ ಎಂಬ, ಫೋಟೋದ ಮಾಹಿತಿ ಬರೆಯುವ ಇನ್ನೊಂದು ಮಾದರಿ. 2001ರಲ್ಲಿ ಅಡೋಬ್ ಇದನ್ನು ಬಿಡುಗಡೆ ಮಾಡಿತು, 2012ರಲ್ಲಿ ಅಂತಾರಾಷ್ಟ್ರೀಯ ಐಎಸ್ಒ ಮಾನದಂಡವಾಯಿತು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಇದರ ಬುನಾದಿ. ಹಾಗಾಗಿ ಕನ್ನಡವೂ ಸಲೀಸು. ಕೀವರ್ಡ್‌ಗೆ ಅಂಥ ಮಿತಿಯೂ ಇಲ್ಲ. ಐಪಿಟಿಸಿ ತನ್ನ ಜಾಗಗಳನ್ನೆಲ್ಲ ಇದರೊಳಗೆ ಹೊಸದಾಗಿ ರೂಪಿಸಿತು. ಕ್ಯಾಮೆರಾದ ರಾ ಫೈಲುಗಳ (ಸಂಸ್ಕರಿಸದ ಮೂಲ ಫೈಲುಗಳ) ಒಳಗೆ ಕೈ ಹಾಕುವುದು ಅಪಾಯ ಅನ್ನಿಸಿದರೆ, ಅದೇ ಹೆಸರಿನ ಪುಟ್ಟ ಎಕ್ಸ್‌ಎಂಪಿ ಫೈಲ್ ಪಕ್ಕದಲ್ಲಿ ಕೂರುತ್ತದೆ. ಫೋಟೋವನ್ನು ಬೇರೆ ಕಡೆ ಇಡುವಾಗ ಆ ಪುಟ್ಟ ಫೈಲನ್ನೂ ಮರೆಯದೆ ಒಯ್ಯಬೇಕು, ಅಷ್ಟೆ.

ಹೊಸ ತಲೆನೋವೂ ಬಂತು. ಈಗ ಒಂದೇ ಫೋಟೋದ ವಿವರಣೆ ಎಕ್ಸಿಫ್, ಐಪಿಟಿಸಿ, ಎಕ್ಸ್‌ಎಂಪಿ ಅಂತ ಮೂರು ಕಡೆ ಇರಬಹುದು, ಮೂರೂ ಬೇರೆ ಬೇರೆ ಇರಬಹುದು. ಯಾವುದನ್ನು ನಂಬುವುದು? ಅಡೋಬ್, ಆಪಲ್, ಕ್ಯಾನನ್, ಮೈಕ್ರೋಸಾಫ್ಟ್, ನೋಕಿಯಾ, ಸೋನಿ ಒಟ್ಟಿಗೆ ಕೂತು ಇದಕ್ಕೆ ನಿಯಮ ಬರೆದರು. ಪೈಪೋಟಿಯ ಕಂಪನಿಗಳು ಬಳಕೆದಾರರ ಟಿಪ್ಪಣಿ ಉಳಿಸಲು ಒಂದೇ ಮೇಜಿಗೆ ಬಂದದ್ದು ಅಪರೂಪ. ಆ ಗುಂಪು ಮುಂದೆ ಚದುರಿದರೂ, ಫೋಟೋದ ಯಾವ ಭಾಗದಲ್ಲಿ ಯಾರ ಮುಖ ಇದೆ ಅಂತ ಗುರುತಿಸಲು ಅವರು ಮಾಡಿಟ್ಟ ಮಾದರಿ ಇವತ್ತಿಗೂ ಬಳಕೆಯಲ್ಲಿದೆ.

ಇದೇ ಹೊತ್ತಿಗೆ ಸಾಮಾನ್ಯ ಜನರ ಕೈಗೂ ಒಳ್ಳೆಯ ತಂತ್ರಾಂಶಗಳು ಬಂದವು. 2002ರಲ್ಲಿ ಆಪಲ್‌ನ ಐಫೋಟೋ, 2005ರಲ್ಲಿ ಅದರದೇ ಅಪರ್ಚರ್, 2007ರಲ್ಲಿ ಅಡೋಬ್‌ನ ಲೈಟ್‌ರೂಮ್. 2004ರಲ್ಲಿ ಗೂಗಲ್ ಕೊಂಡ ಪಿಕಾಸಾ ಪುಕ್ಕಟೆ ಸಿಗುತ್ತಿತ್ತು. 2009ರ ಹೊತ್ತಿಗೆ ಐಫೋಟೋ, ಪಿಕಾಸಾ ಎರಡೂ ಮುಖ ಗುರುತಿಸತೊಡಗಿದವು. ಜನ ಖುಷಿಯಿಂದ ಕೂತು ಹೆಸರು ಹಾಕಿದರು. ಆದರೆ ಆ ಹೆಸರುಗಳು ಪಿಕಾಸಾದಲ್ಲಿ ಶುರುವಿಗೆ ಕೂತದ್ದು ಪ್ರತಿ ಫೋಲ್ಡರ್‌ನ ಒಂದು ಗುಪ್ತ ಫೈಲಿನಲ್ಲಿ. ಲೈಟ್‌ರೂಮ್‌ನಲ್ಲಿ ಎಲ್ಲವೂ ಕ್ಯಾಟಲಾಗ್ ಎಂಬ ಅದರದೇ ದಾಖಲೆಗೆ ಹೋಗುತ್ತದೆ, ಫೋಟೋಗೆ ಬರೆಯಬೇಕಾದರೆ ನಾವೇ ಸೆಟ್ಟಿಂಗ್ ಬದಲಿಸಬೇಕು. ಆಪಲ್‌ನ ತಂತ್ರಾಂಶಗಳಲ್ಲಿ ಅವುಗಳದೇ ಲೈಬ್ರರಿಯೊಳಗೆ. 2014ರಲ್ಲಿ ಅಪರ್ಚರ್ ನಿಲ್ಲಿಸುವುದಾಗಿ ಆಪಲ್ ಹೇಳಿತು. 2016ರಲ್ಲಿ ಪಿಕಾಸಾ ನಿಂತಿತು. ತಂತ್ರಾಂಶ ಹೋದರೆ ಇನ್ನೊಂದು ಸಿಗುತ್ತದೆ. ಹತ್ತು ಸಾವಿರ ಮುಖಗಳಿಗೆ ಮತ್ತೆ ಹೆಸರು ಹಾಕುವ ತಾಳ್ಮೆ ಯಾರಿಗಿರುತ್ತದೆ?

ಗೂಗಲ್ ಫೋಟೋಸ್ 2015ರಲ್ಲಿ ಬಂದಾಗ ಟ್ಯಾಗ್ ಹಾಕುವ ಕಾಲವೇ ಮುಗಿಯಿತು ಅಂದವರಿದ್ದಾರೆ. 'ಸಮುದ್ರ' ಅಂತ ಟೈಪ್ ಮಾಡಿದರೆ ಸಮುದ್ರದ ಫೋಟೋಗಳು ಎದುರಿಗೆ. ಯಾರೂ ಏನೂ ಬರೆದಿರಬೇಕಿಲ್ಲ. 2021ರಲ್ಲಿ ಓಪನ್‌ಎಐ ಕಂಪನಿ ತಂದ ಕ್ಲಿಪ್ ಎಂಬ ಎಐ ಮಾಡೆಲ್ ಚಿತ್ರವನ್ನೂ ಮಾತನ್ನೂ ಒಂದೇ ಲೆಕ್ಕದಲ್ಲಿ ಹೋಲಿಸುವ ದಾರಿ ತೋರಿಸಿತು. ಈಗ ಮನೆಯ ಕಂಪ್ಯೂಟರಿನಲ್ಲೇ ಇಂಥ ಹುಡುಕಾಟ ಸಾಧ್ಯ. ಇದು ನಿಜವಾಗಿಯೂ ದೊಡ್ಡ ಅನುಕೂಲ. ಮರ, ಕುರ್ಚಿ, ವಯಸ್ಸಾದ ವ್ಯಕ್ತಿ ಅಂತ ಯಂತ್ರ ಹೇಳುತ್ತದೆ. ಆದರೆ ಅವರು ಅಜ್ಜಿಯ ತಮ್ಮ, ಆ ಮರ ಈಗ ಇಲ್ಲದ ಮನೆಯ ಅಂಗಳದ್ದು ಅನ್ನುವುದು ಚಿತ್ರದಲ್ಲಿ ಎಲ್ಲೂ ಇಲ್ಲ. ಅದು ಗೊತ್ತಿರುವವರು ಬರೆದರೆ ಮಾತ್ರ ಸಿಗುವಂಥದ್ದು. ಹಾಗಾಗಿ ಸಮುದ್ರ, ಬೆಟ್ಟ, ನಾಯಿ ಅಂತ ಟ್ಯಾಗ್ ಹಾಕುತ್ತ ಕೂರುವುದು ಇನ್ನು ಸುಮ್ನೆ ಶ್ರಮ. ಹೆಸರು, ಸಂಬಂಧ, ಸಂದರ್ಭ, ಇವಕ್ಕೆ ಸಮಯ ಕೊಡಿ.

ಗೊತ್ತಿರುವವರ ಬಲ ಎಷ್ಟು ಅಂತ 2008ರಲ್ಲಿ ಕಂಡಿತು. ವಾಂಡರ್‌ಬಿಲ್ಟ್ ಜೋಡಿಸಿದ ಸಂಗ್ರಹ ಇರುವ ಲೈಬ್ರರಿ ಆಫ್ ಕಾಂಗ್ರೆಸ್, ತನ್ನ ಮೂರು ಸಾವಿರಕ್ಕೂ ಜಾಸ್ತಿ ಚಿತ್ರಗಳನ್ನು ಫ್ಲಿಕರ್ ಎಂಬ ಫೋಟೋ ಹಂಚುವ ಜಾಲತಾಣದಲ್ಲಿ ಹಾಕಿ, ಗೊತ್ತಿದ್ದರೆ ಬರೆಯಿರಿ ಅಂತ ಕೇಳಿತು. ವರ್ಷ ಮುಗಿಯುವುದರೊಳಗೆ 67 ಸಾವಿರಕ್ಕೂ ಹೆಚ್ಚು ಟ್ಯಾಗ್ ಬಂದವು. ಗ್ರಂಥಾಲಯ ಅಲ್ಲಿಗೇ ಬಿಡಲಿಲ್ಲ. ಓದುಗರು ತಿಳಿಸಿದ ಹೆಸರು, ಜಾಗಗಳನ್ನು ಪರಿಶೀಲಿಸಿ ತನ್ನದೇ ಕ್ಯಾಟಲಾಗ್‌ಗೆ ಬರೆದುಕೊಂಡಿತು. ಫ್ಲಿಕರ್ ನಾಳೆ ಇಲ್ಲದಿದ್ದರೂ ಆ ತಿದ್ದುಪಡಿ ಉಳಿಯುತ್ತದೆ.

ಒಳಗೆ ಬರೆದ ಮಾಹಿತಿಗೂ ಅಪಾಯ ಇದೆ. ವಾಟ್ಸಾಪ್, ಫೇಸ್‌ಬುಕ್‌ನಂಥ ಕಡೆ ಫೋಟೋ ಹೋದರೆ ಇದರಲ್ಲಿ ಬಹುಪಾಲು ಅಳಿಸಿ ಹೋಗುತ್ತದೆ. ಅದಕ್ಕೆ ಕಾರಣವೂ ಇದೆ. 2012ರಲ್ಲಿ ತಲೆಮರೆಸಿಕೊಂಡಿದ್ದ ಉದ್ಯಮಿ ಜಾನ್ ಮ್ಯಾಕಫಿ ಗ್ವಾಟೆಮಾಲಾದಲ್ಲಿದ್ದಾರೆ ಅಂತ ಜಗತ್ತಿಗೆ ಗೊತ್ತಾದದ್ದು ಒಂದು ಫೋಟೋದ ಜಿಪಿಎಸ್‌ನಿಂದ. ಅಪರಿಚಿತರ ಕಣ್ಣಿಗೆ ಬೀಳುವ ಕಡೆ ಅಳಿಸುವುದು ಒಳ್ಳೆಯದೇ. ಮನೆಯವರಿಗೆ ಕಳಿಸುವಾಗ ಮಾತ್ರ ಮೂಲ ಫೈಲನ್ನೇ ಕೊಡಿ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿದರೆ ಮಾಹಿತಿ ಉಳಿಯುತ್ತದೆ. ಗೂಗಲ್ ಫೋಟೋಸ್‌ನಿಂದ ಎಲ್ಲವನ್ನೂ ಇಳಿಸಿಕೊಂಡಾಗ ನೀವು ಅಲ್ಲಿ ಬರೆದ ವಿವರಣೆ ಪಕ್ಕದ ಜೇಸನ್ (.json) ಎಂಬ ಪುಟ್ಟ ಪಠ್ಯ ಫೈಲಿನಲ್ಲಿ ಬರುತ್ತದೆ. ಅದನ್ನು ಕಸ ಅಂತ ಅಳಿಸಬೇಡಿ.

ನಿಮ್ಮ ತಂತ್ರಾಂಶ ಎಲ್ಲಿ ಬರೆಯುತ್ತದೆ ಅಂತ ತಿಳಿಯುವುದು ಸುಲಭ. ಒಂದು ಫೋಟೋದ ನಕಲು ಮಾಡಿ. ಅದಕ್ಕೆ ಕನ್ನಡದಲ್ಲಿ ಒಂದು ಉದ್ದದ ಟ್ಯಾಗ್, ಒಂದು ವಿವರಣೆ ಹಾಕಿ. ಆ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಬೇರೆ ಕಂಪ್ಯೂಟರಿಗೆ ಒಯ್ದು, ಬೇರೆಯದೇ ತಂತ್ರಾಂಶದಲ್ಲಿ ತೆರೆದು ನೋಡಿ. ಇನ್ನೂ ಆಳವಾಗಿ ನೋಡಬೇಕಾದರೆ ಫಿಲ್ ಹಾರ್ವೆ 2003ರಿಂದ ಬೆಳೆಸುತ್ತ ಬಂದ ಎಕ್ಸಿಫ್‌ಟೂಲ್ ಇದೆ, ಪುಕ್ಕಟೆ. ಫೈಲಿನೊಳಗೆ ಎಲ್ಲೆಲ್ಲಿ ಏನೇನು ಬರೆದಿದೆ ಅಂತ ಸಾಲುಸಾಲಾಗಿ ತೋರಿಸುತ್ತದೆ. ಟ್ಯಾಗ್ ಕಾಣಿಸದಿದ್ದರೆ ಸೆಟ್ಟಿಂಗ್‌ನಲ್ಲಿ ಮೆಟಾಡೇಟಾವನ್ನು (ಅಂದರೆ ಟ್ಯಾಗ್, ವಿವರಣೆಯಂಥ ಮಾಹಿತಿಯನ್ನು) ಫೈಲಿಗೆ ಬರೆಯುವ ಆಯ್ಕೆ ಹುಡುಕಿ ಆನ್ ಮಾಡಿ. ಅಂಥ ಆಯ್ಕೆಯೇ ಇಲ್ಲದಿದ್ದರೆ ಸಾವಿರದ ಒಂದನೇ ಟ್ಯಾಗ್ ಹಾಕುವ ಮೊದಲು ತಂತ್ರಾಂಶವನ್ನೇ ಬದಲಿಸಿ.