ಅಗ್ಗದ ವಿಆರ್ ಹೆಡ್‌ಸೆಟ್: ಮೊದಲು ಕಂಪ್ಯೂಟರ್‌ನ ಕ್ಯಾಬಿನೆಟ್ ತೆರೆದು ನೋಡಿ

ಕಡಿಮೆ ಬೆಲೆಯಲ್ಲಿ ಒಳ್ಳೆಯ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಕಂಪ್ಯೂಟರ್ ಸೃಷ್ಟಿಸಿದ ಲೋಕದೊಳಗೇ ಇರುವಂತೆ ತೋರಿಸುವ ಸಾಧನ, ಯಾವುದು ಎಂದು ಕೇಳಿಕೊಂಡು ಶಿವಮೊಗ್ಗದ ನಮ್ಮ ಸರ್ವೀಸ್ ಸೆಂಟರ್‌ಗೆ ಬರುವವರಲ್ಲಿ ಗೇಮ್ ಆಡುವ ಕಾಲೇಜು ಹುಡುಗರಷ್ಟೇ ಅಲ್ಲ, ಇನ್ನೂ ಕಟ್ಟದ ಮನೆಯೊಳಗೆ ಗ್ರಾಹಕರನ್ನು ಓಡಾಡಿಸಿ ತೋರಿಸಬೇಕೆನ್ನುವ ಸಿವಿಲ್ ಎಂಜಿನಿಯರ್‌ಗಳೂ ಇದ್ದಾರೆ. ಅವರೆಲ್ಲರಿಗೂ ನಾನು ಹಾಕುವ ಮರುಪ್ರಶ್ನೆ ಒಂದೇ: ನಿಮ್ಮ ಕಂಪ್ಯೂಟರ್‌ನಲ್ಲಿ ಚಿತ್ರಗಳನ್ನು ರಚಿಸುವ ಗ್ರಾಫಿಕ್ಸ್ ಕಾರ್ಡ್ ಯಾವುದು?

ಹೆಡ್‌ಸೆಟ್‌ಗಳ ಬೆಲೆ ಇಳಿದಿರುವುದು ನಿಜ. 2016ರಲ್ಲಿ ಆಕ್ಯುಲಸ್ ರಿಫ್ಟ್ 599 ಡಾಲರ್‌ಗೂ ಎಚ್‌ಟಿಸಿ ವೈವ್ 799 ಡಾಲರ್‌ಗೂ ಮಾರುಕಟ್ಟೆಗೆ ಬಂದವು. 2024ರಲ್ಲಿ ಬಂದ ಮೆಟಾ ಕ್ವೆಸ್ಟ್ 3ಎಸ್‌ನ ಆರಂಭದ ಬೆಲೆ 299 ಡಾಲರ್. ಆದರೆ ಹೆಡ್‌ಸೆಟ್ಟನ್ನು ಕಂಪ್ಯೂಟರ್‌ಗೆ ಜೋಡಿಸಿ ಬಳಸುವಾಗ ಅದರ ಮೇಲೆ ಬೀಳುವ ಹೊರೆ ಮಾತ್ರ ಇಳಿದಿಲ್ಲ. ಮೇಜಿನ ಮೇಲಿನ ಸಾಮಾನ್ಯ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್‌ಗಳಿದ್ದು, ಅವು ಸೆಕೆಂಡಿಗೆ 60 ಬಾರಿ ಬದಲಾಗುತ್ತವೆ. ಕ್ವೆಸ್ಟ್ 3ಎಸ್‌ನಲ್ಲಿ ಒಂದೊಂದು ಕಣ್ಣಿಗೆ 1832 × 1920ರಂತೆ ಎರಡೂ ಸೇರಿ 70 ಲಕ್ಷ ಪಿಕ್ಸೆಲ್‌ಗಳಿದ್ದು, 90 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 90 ಬಾರಿ ಬದಲಾಗುವಂತೆ, ನಡೆಸಿದರೆ ಕಾರ್ಡ್‌ನ ಕೆಲಸ ಹೆಚ್ಚುಕಡಿಮೆ ಐದು ಪಟ್ಟಾಗುತ್ತದೆ. ಪ್ರತಿ ಚಿತ್ರವೂ 11 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. ಮಾನಿಟರ್‌ನಲ್ಲಿ ಚಿತ್ರ ತಡೆದು ತಡೆದು ಬಂದರೆ ಬೇಸರವಾದೀತು, ಅಷ್ಟೆ. ಹೆಡ್‌ಸೆಟ್‌ನಲ್ಲಿ ಹಾಗಾದರೆ ಕಣ್ಣು ಹೇಳುವುದಕ್ಕೂ ಒಳಕಿವಿ ಹೇಳುವುದಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ, ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಆಗುವ ಹಾಗೆ.

ಆದ್ದರಿಂದ ಹಣವನ್ನು ಮೊದಲು ಕಾರ್ಡ್‌ಗೆ ಇಡಿ ಎನ್ನುತ್ತೇನೆ. ಅದಕ್ಕೂ ಮೊದಲು ಕಂಪ್ಯೂಟರ್‌ನೊಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ನೋಡಬೇಕು. ಆರ್‌ಟಿಎಕ್ಸ್ 3060ರಂತಹ ಮಧ್ಯಮ ದರ್ಜೆಯ ಕಾರ್ಡ್ ಒಂದೇ 170 ವ್ಯಾಟ್ ಎಳೆಯುತ್ತದೆ. ಕ್ಯಾಬಿನೆಟ್‌ನ ಜೊತೆಗೇ ಬಂದ ಹೆಸರಿಲ್ಲದ ಎಸ್‌ಎಂಪಿಎಸ್ ಅದನ್ನು ತಾಳುತ್ತದೆಂಬ ಭರವಸೆ ನನಗಿಲ್ಲ. ಹೆಚ್ಚಿನ ಮನೆಗಳಲ್ಲಿರುವ 600 ವಿಎ ಯುಪಿಎಸ್ ಕೊಡಬಲ್ಲದ್ದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಮಳೆಗಾಲದಲ್ಲಿ ಕರೆಂಟ್ ಹೋದ ಕ್ಷಣದಲ್ಲಿ ಪ್ರೊಸೆಸರ್, ಕಾರ್ಡ್, ಮಾನಿಟರ್ ಮೂರರ ಹೊರೆಯೂ ಒಟ್ಟಿಗೆ ಅದರ ಮೇಲೆ ಬಿದ್ದರೆ, ಅದು ಒಮ್ಮೆ ಚೀರಿ ಆಫ್ ಆಗುತ್ತದೆ.

ಸೆಕೆಂಡ್ ಹ್ಯಾಂಡ್ ಮಾಲಿನ ಬಗ್ಗೆ ಎಚ್ಚರ ಬೇಕು. 2017ರಿಂದ ಏಸರ್, ಡೆಲ್, ಲೆನೊವೊ, ಎಚ್‌ಪಿ ಮುಂತಾದ ಕಂಪನಿಗಳು ತಯಾರಿಸಿದ ವಿಂಡೋಸ್ ಮಿಕ್ಸೆಡ್ ರಿಯಾಲಿಟಿ ಹೆಡ್‌ಸೆಟ್‌ಗಳು ಈಗ ಬಹಳ ಅಗ್ಗಕ್ಕೆ ಸಿಗುತ್ತವೆ, ಮತ್ತು ಅಗ್ಗವಾಗಿರಲು ಕಾರಣವಿದೆ: ಮೈಕ್ರೋಸಾಫ್ಟ್ ಈ ವ್ಯವಸ್ಥೆಯನ್ನು ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ತೆಗೆದುಹಾಕಿದೆ. ಎನ್‌ವಿಡಿಯಾ ಕಾರ್ಡ್ ಇದ್ದವರು ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸಿಗುವ ಒಯಾಸಿಸ್ ಎಂಬ ಡ್ರೈವರ್ ಹಾಕಿ ಅವನ್ನು ನಡೆಸಬಹುದಾದರೂ, ಕಂಪನಿಯೇ ಕೈಬಿಟ್ಟ ವಸ್ತುವಿಗೆ ಹಣ ಹಾಕಲು ನಾನಂತೂ ಸಲಹೆ ಮಾಡುವುದಿಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ಎಚ್‌ಡಿಎಂಐ ಪೋರ್ಟ್ ಕೂಡ ಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್‌ನ ಸಂಪರ್ಕವಿರುವುದು ಗ್ರಾಫಿಕ್ಸ್ ಕಾರ್ಡ್‌ಗಲ್ಲ, ಪ್ರೊಸೆಸರ್‌ನೊಳಗಿನ ಸಾಧಾರಣ ಗ್ರಾಫಿಕ್ಸ್‌ಗೆ. ಕಾರ್ಡ್ ಇದ್ದೂ ಹೆಡ್‌ಸೆಟ್ ಸರಿಯಾಗಿ ನಡೆಯದಿದ್ದರೆ ಮೊದಲು ಇದನ್ನೇ ಅನುಮಾನಿಸಬೇಕು.

ಕ್ವೆಸ್ಟ್ ಸರಣಿಯ ಹೆಡ್‌ಸೆಟ್‌ಗಳಿಗೆ ಈ ತೊಡಕಿಲ್ಲ. ಅವು ಯುಎಸ್‌ಬಿ ಕೇಬಲ್ ಮೂಲಕ ಅಥವಾ ವೈಫೈ ಮೂಲಕ ಕಂಪ್ಯೂಟರ್‌ನ ಚಿತ್ರವನ್ನು ವೀಡಿಯೊ ರೂಪದಲ್ಲಿ ಪಡೆಯುತ್ತವೆ. ವೈಫೈ ಎಂದ ಕೂಡಲೇ ತೀರ್ಥಹಳ್ಳಿ, ಹೊಸನಗರದ ಕಡೆಯವರು ನಮ್ಮಲ್ಲಿ ನೆಟ್ ನಿಧಾನ ಎಂದು ಹಿಂಜರಿಯುತ್ತಾರೆ. ಗೇಮ್ ಡೌನ್‌ಲೋಡ್ ಮಾಡಿಕೊಳ್ಳಲು ಮಾತ್ರ ನೆಟ್‌ನ ವೇಗ ಮುಖ್ಯ. ಆಮೇಲೆ ಚಿತ್ರ ಓಡಾಡುವುದು ಕಂಪ್ಯೂಟರ್, ರೌಟರ್, ಹೆಡ್‌ಸೆಟ್‌ಗಳ ನಡುವೆಯೇ. ರೌಟರ್ 5 ಗಿಗಾಹರ್ಟ್ಸ್‌ನದಾಗಿರಬೇಕು, ಕಂಪ್ಯೂಟರ್‌ಗೆ ಅದರಿಂದ ಲ್ಯಾನ್ ಕೇಬಲ್ ಎಳೆದಿರಬೇಕು. ಜಂಬಿಟ್ಟಿಗೆಯ ದಪ್ಪ ಗೋಡೆಗಳನ್ನು ಆ ಸಿಗ್ನಲ್ ಚೆನ್ನಾಗಿ ದಾಟುವುದಿಲ್ಲವಾದ್ದರಿಂದ, ಹಳೆಯ ಮನೆಗಳಲ್ಲಿ ರೌಟರ್ ಅದೇ ಕೋಣೆಯಲ್ಲಿರುವುದು ಲೇಸು.

ಕೊಳ್ಳುವ ಮೊದಲು ಕನ್ನಡಕದ ಅಂಗಡಿಯಲ್ಲಿ ಎರಡು ಕಣ್ಣುಪಾಪೆಗಳ ನಡುವಿನ ಅಂತರವನ್ನು ಅಳೆಸಿಕೊಳ್ಳಿ. ಲೆನ್ಸ್‌ಗಳ ನಡುವಿನ ಅಂತರ ಅದಕ್ಕೆ ಹೊಂದಬೇಕು, ಆದರೆ ಕ್ವೆಸ್ಟ್ 2 ಮತ್ತು 3ಎಸ್‌ಗಳಲ್ಲಿ ಲೆನ್ಸ್‌ಗಳನ್ನು 58, 63, 68 ಮಿಲಿಮೀಟರ್ ಎಂಬ ಮೂರೇ ಸ್ಥಾನಗಳಿಗೆ ಹೊಂದಿಸಲು ಬರುತ್ತದೆ.

ಇನ್ನು ನಮ್ಮ ಕಡೆಯ ಹೆಂಚಿನ ಮನೆಗಳವರಿಗೆಂದೇ ಒಂದು ಮಾತು. ಈ ಹೆಡ್‌ಸೆಟ್‌ಗಳ ಹೊರಮೈಯ ಕ್ಯಾಮೆರಾಗಳು ಕೋಣೆಯನ್ನು ನೋಡಿ ನಿಮ್ಮ ಚಲನೆಯನ್ನು ಗುರುತಿಸುವುದರಿಂದ, ಮೋಡ ಮುಸುಕಿದ ದಿನ ಒಂದು ಎಲ್‌ಇಡಿ ಬಲ್ಬ್ ಹಾಕಿಕೊಳ್ಳಲೇಬೇಕು. ಬಿಸಿಲಿನ ದಿನದ ಅಪಾಯ ಬೇರೆ. ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲುಕೋಲು ನೆಲದ ಮೇಲೆ ಸರಿಯುತ್ತಾ ಹೋಗುತ್ತದೆ. ಬೆಳಿಗ್ಗೆ ನೆರಳಿನಲ್ಲಿ ಬಿಚ್ಚಿಟ್ಟ ಹೆಡ್‌ಸೆಟ್‌ನ ಲೆನ್ಸ್ ಮೇಲೆ ಅದು ಮಧ್ಯಾಹ್ನ ಬಿದ್ದರೆ, ಲೆನ್ಸ್ ಭೂತಗನ್ನಡಿಯಾಗಿ ಒಳಗಿನ ಪರದೆಯನ್ನು ಸುಡುತ್ತದೆ. ಹಾಗೆ ಉಳಿಯುವ ಕಲೆಗೆ ಪರದೆ ಬದಲಿಸುವುದಲ್ಲದೆ ಬೇರೆ ರಿಪೇರಿಯಿಲ್ಲ. ಬಳಸಿದ ಮೇಲೆ ಲೆನ್ಸ್‌ಗಳನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಮುಖಕ್ಕೆ ತಾಗುವ ಸ್ಪಂಜು ಬೆವರಿನಿಂದ ಒದ್ದೆಯಾಗಿದ್ದರೆ ಅದನ್ನು ಬಿಡಿಸಿ ಫ್ಯಾನಿನಡಿ ಒಣಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ.